ಹುವಾ ಹಿನ್‌ನಲ್ಲಿ ಮನೆ ಮಾಡಿಕೊಂಡು ಇರಬಹುದಾ?

ಪ್ರಶ್ನೆ: ನಾನು ದಾವಣಗೆರೆಯವನು, ವಯಸ್ಸು 58. ಬ್ಯಾಂಕ್ ಕೆಲಸದಿಂದ ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದೇನೆ. ತಿಂಗಳಿಗೆ 55 ಸಾವಿರ ಪಿಂಚಣಿ ಬರುತ್ತದೆ, ಸ್ವಲ್ಪ ಎಫ್‌ಡಿ ಇದೆ. ಮಕ್ಕಳು ಅಮೆರಿಕದಲ್ಲಿದ್ದಾರೆ. ಹೋದ ವರ್ಷ ಥಾಯ್ಲೆಂಡಿನ ಹುವಾ ಹಿನ್‌ಗೆ ಎಂಟು ದಿನ ಹೋಗಿದ್ದೆವು. ಬಿಟ್ಟು ಬರಲು ಮನಸ್ಸೇ ಇರಲಿಲ್ಲ. ಅಲ್ಲೇ ಹೋಗಿ ಇದ್ದುಬಿಡಬಹುದಾ? ದಿನನಿತ್ಯದ ಬದುಕು ಹೇಗಿರುತ್ತದೆ? ನಾವು ಸಸ್ಯಾಹಾರಿಗಳು. ನಮ್ಮ ಮನೆಯವರದ್ದು ಒಂದೇ ಪ್ರಶ್ನೆ: ಅಲ್ಲಿ ಮೊಸರು ಸಿಗುತ್ತಾ?

ಉತ್ತರ: ಸರ್, ಮೊಸರಿನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಅದೇ ಅಂತ ನನಗೆ ಅನಿಸಿತು, ಅದಕ್ಕೇ.

ಮೊದಲು ಆ ಎಂಟು ದಿನದ ಮಾತು. ನಾನು ಬ್ಯಾಂಕಾಕ್‌ನಲ್ಲಿ ಹತ್ತು ವರ್ಷ ನೌಕರಿ ಮಾಡಿ, ಆಮೇಲೆ ಹುವಾ ಹಿನ್‌ಗೆ ಬಂದು ಏಳು ವರ್ಷ ಆಯಿತು. ನೀವು ನೋಡಿದ ಊರು ನಿಜವಾದದ್ದೇ. ಬೆಳಗಿನ ಜಾವದ ಮರಳು, ಅದರ ಮೇಲೆ ಸವಾರಿಗೆ ನಿಂತ ಕುದುರೆಗಳು, ಖಾವ್ ತಕಿಯಾಪ್ ಗುಡ್ಡದ ಮಂಗಗಳು, ಸಂಜೆಯ ನೈಟ್ ಮಾರ್ಕೆಟ್, ಎಲ್ಲ ಇದ್ದಲ್ಲೇ ಇವೆ. ಆದರೆ ಇಲ್ಲಿ ಮನೆ ಮಾಡಿಕೊಂಡವರು ಸಮುದ್ರದ ಕಡೆ ಹೋಗುವುದು ಕಡಿಮೆ. ನಾನು ವಾರಕ್ಕೆ ಎರಡು ಸಲ ಹೋದರೆ ಜಾಸ್ತಿ. ಭರತ ಬಂದಾಗ ಸುಮಾರು ಕಡೆ ಮರಳೇ ಕಾಣದಷ್ಟು ನೀರು ಗೋಡೆಯವರೆಗೆ ಬರುತ್ತದೆ, ಮಳೆಗಾಲದಲ್ಲಿ ಜೆಲ್ಲಿ ಮೀನಿನ ಕಾಟ ಬೇರೆ. ಒಂದು ಸಂಗತಿ ಮಾತ್ರ ನನಗೆ ಇನ್ನೂ ಹಳೆಯದಾಗಿಲ್ಲ. ನಮ್ಮ ಕಾರವಾರ, ಮಲ್ಪೆ ಕಡೆ ಸೂರ್ಯ ಸಮುದ್ರದಲ್ಲಿ ಮುಳುಗುತ್ತಾನೆ, ಇಲ್ಲಿ ಸಮುದ್ರದಿಂದ ಏಳುತ್ತಾನೆ. ಹಾಗಾಗಿ ಸಮುದ್ರ ಬೇಕು ಅಂದವರು ಐದೂವರೆಗೇ ಏಳಬೇಕು. ಎದ್ದವರಿಗೆ ಬೀಚು ಖಾಲಿ.

ಊರಿನ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಹುವಾ ಅಂದರೆ ತಲೆ, ಹಿನ್ ಅಂದರೆ ಕಲ್ಲು. ಬ್ಯಾಂಕಾಕ್‌ನಿಂದ ಸುಮಾರು 200 ಕಿಲೋಮೀಟರ್ ದಕ್ಷಿಣಕ್ಕೆ, ಪ್ರಚುಆಪ್ ಖಿರಿ ಖಾನ್ ಪ್ರಾಂತ್ಯದಲ್ಲಿದೆ. ಮೀನುಗಾರರ ಹಳ್ಳಿಯಾಗಿತ್ತು. 1911ರಲ್ಲಿ ರೈಲು ಬಂತು, 1920ರ ದಶಕದಲ್ಲಿ ರೈಲ್ವೆ ಹೋಟೆಲು, ಅರಮನೆ ಆದವು. ಅರಮನೆಯ ಹೆಸರು ಕ್ಲೈ ಕಂಗ್ವೊನ್, ಅಂದರೆ ಚಿಂತೆಯಿಂದ ದೂರ. ಅರಸರಿಗೆ ಇಷ್ಟವಾದ ಊರು ಅಂತ ಪಟ್ಟಾಯದಂಥ ಗಲಾಟೆ ಇಲ್ಲಿ ಬೆಳೆಯಲಿಲ್ಲ. ಸ್ವೀಡನ್, ನಾರ್ವೆ, ಜರ್ಮನಿಯ ನಿವೃತ್ತರು ಹೆಚ್ಚು. ಅವರಲ್ಲಿ ಅರ್ಧ ಜನ ನವೆಂಬರ್‌ನಲ್ಲಿ ಬಂದು ಮಾರ್ಚ್ ಹೊತ್ತಿಗೆ ವಾಪಸ್ ಹೋಗುತ್ತಾರೆ. ಶನಿವಾರ, ಭಾನುವಾರ ಬ್ಯಾಂಕಾಕ್‌ನ ಕಾರುಗಳೆಲ್ಲ ಇಲ್ಲೇ. ಪೆಚ್ಚಕಾಸೆಮ್ ಹೆದ್ದಾರಿ ಊರ ಮಧ್ಯದಲ್ಲೇ ಹಾದುಹೋಗುವುದರಿಂದ, ಆ ಎರಡು ದಿನ ನಾವು ಊರವರು ಮನೆಯಿಂದ ಹೊರಗೆ ಬರುವುದಿಲ್ಲ.

ಈಗ ಕಾಗದಪತ್ರ. ಇಲ್ಲಿ ವಾಸ ಮಾಡುವುದು ಅಂದರೆ ಮುಕ್ಕಾಲು ಭಾಗ ಇದೇ.

50 ದಾಟಿದವರಿಗೆ ನಿವೃತ್ತರ ವೀಸಾ ಇದೆ. ಮೊದಲು 90 ದಿನದ ನಾನ್-ಇಮಿಗ್ರಂಟ್ ಓ ವೀಸಾ, ಆಮೇಲೆ ಇಲ್ಲಿನ ಇಮಿಗ್ರೇಶನ್ ಕಚೇರಿಯಲ್ಲಿ ಒಂದೊಂದು ವರ್ಷದ ವಿಸ್ತರಣೆ. ಶುಲ್ಕ 1,900 ಬಾತ್, ಅದು ದೊಡ್ಡದಲ್ಲ. ದೊಡ್ಡದು ಷರತ್ತು. ಥಾಯ್ ಬ್ಯಾಂಕಿನಲ್ಲಿ ನಿಮ್ಮ ಹೆಸರಲ್ಲಿ 8 ಲಕ್ಷ ಬಾತ್ ಇರಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ವರಮಾನ ತೋರಿಸಬೇಕು. ಈಗೀಗ ಒಂದು ಬಾತ್‌ಗೆ ಎರಡೂವರೆ ರೂಪಾಯಿಗಿಂತ ಮೇಲೇ ಇದೆ. ನಿಮ್ಮ 55 ಸಾವಿರ ರೂಪಾಯಿ ಹೆಚ್ಚೆಂದರೆ ಇಪ್ಪತ್ತೆರಡು ಸಾವಿರ ಬಾತ್ ಆದೀತು, ಆ ಲೆಕ್ಕಕ್ಕೆ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ನಿಮಗೆ ನೇರವಾದ ದಾರಿ 8 ಲಕ್ಷ ಬಾತ್ ಠೇವಣಿ. ಅಂದರೆ ಇಪ್ಪತ್ತು ಲಕ್ಷ ರೂಪಾಯಿಗೂ ಮೇಲೆ. ಆ ಹಣ ಅರ್ಜಿಗೆ ಎರಡು ತಿಂಗಳು ಮೊದಲೇ ಖಾತೆಯಲ್ಲಿ ಕೂತಿರಬೇಕು, ವಿಸ್ತರಣೆ ಸಿಕ್ಕಮೇಲೆ ಮೂರು ತಿಂಗಳು ಅಲುಗಾಡಬಾರದು, ಉಳಿದ ದಿನಗಳಲ್ಲೂ 4 ಲಕ್ಷಕ್ಕಿಂತ ಕೆಳಗೆ ಇಳಿಯಬಾರದು. ಒಟ್ಟಿನಲ್ಲಿ ಹಣ ನಿಮ್ಮದೇ, ಮುಟ್ಟುವ ಹಾಗಿಲ್ಲ. ಅದರಿಂದ ಮನೆ ನಡೆಸಬಹುದು ಅಂತ ಲೆಕ್ಕ ಹಾಕಬೇಡಿ. ನಿಮ್ಮ ಮನೆಯವರು ನಿಮ್ಮ ಅವಲಂಬಿತರಾಗಿ ಜೊತೆಗೆ ಇರಬಹುದು, ಆದರೆ ಅದಕ್ಕೆ ಮದುವೆ ನೋಂದಣಿ ಪತ್ರ ಬೇಕು. ನಮ್ಮ ತಲೆಮಾರಿನಲ್ಲಿ ಛತ್ರದ ಫೋಟೋ ಆಲ್ಬಮ್ ಇರುತ್ತದೆ, ನೋಂದಣಿ ಇರುವುದಿಲ್ಲ. ಊರಲ್ಲಿರುವಾಗಲೇ ಮಾಡಿಸಿಕೊಳ್ಳಿ.

ಇಷ್ಟಾದಮೇಲೂ ಮುಗಿಯುವುದಿಲ್ಲ. 90 ದಿನಕ್ಕೊಮ್ಮೆ ನಾನು ಇದೇ ವಿಳಾಸದಲ್ಲಿದ್ದೇನೆ ಅಂತ ವರದಿ ಕೊಡಬೇಕು. ಊರಿಗೆ ಹೋಗಿಬರುವ ಮೊದಲು ರೀ-ಎಂಟ್ರಿ ಪರ್ಮಿಟ್ ಮಾಡಿಸಬೇಕು, ಒಂದು ಸಲಕ್ಕೆ 1,000 ಬಾತ್, ವರ್ಷಪೂರ್ತಿ ಎಷ್ಟು ಸಲವಾದರೂ ಅಂದರೆ 3,800. ಇದನ್ನು ಮರೆತು ವಿಮಾನ ಹತ್ತಿದರೆ ವರ್ಷದ ಅನುಮತಿ ಅಲ್ಲಿಗೇ ರದ್ದು. ಯಾರದೋ ಸಾವಿನ ಸುದ್ದಿ ಬಂದು ರಾತ್ರೋರಾತ್ರಿ ಹೊರಟವರು ಹೀಗೆ ಕಳೆದುಕೊಂಡಿದ್ದನ್ನು ನೋಡಿದ್ದೇನೆ. ಬಹುಪ್ರವೇಶದ್ದನ್ನು ವಿಸ್ತರಣೆಯ ದಿನವೇ ಮಾಡಿಸಿಟ್ಟುಕೊಳ್ಳಿ.

ಇನ್ನೊಂದಿದೆ, ಟಿಎಂ 30. ಮನೆಗೆ ವಿದೇಶಿಯರು ಬಂದರೆ 24 ಗಂಟೆಯೊಳಗೆ ಮನೆ ಮಾಲೀಕರು ತಿಳಿಸಬೇಕು. ಕಾನೂನಿನ ಪ್ರಕಾರ ಅದು ಅವರ ಕೆಲಸ, ಒದ್ದಾಟ ಮಾತ್ರ ನಮ್ಮದು. ನನ್ನ ಮೊದಲ ಮಾಲೀಕರು ಹೂಂ ಹೂಂ ಅಂದು ಮಾಡಿರಲೇ ಇಲ್ಲ. ವಿಸ್ತರಣೆಗೆ ಹೋದಾಗ ಕೌಂಟರಿನಲ್ಲಿ ಅದೇ ಕಾಗದ ಕೇಳಿದರು. ಮೂರು ಗಂಟೆ ಕಾದಿದ್ದ ಸಿಟ್ಟಿಗೆ ನಾನು ನಮ್ಮೂರ ತಾಲ್ಲೂಕು ಕಚೇರಿಯಲ್ಲಿ ಮಾತಾಡುವ ಹಾಗೆ ದನಿ ಎತ್ತಿದೆ. ಅಲ್ಲಿದ್ದ ಹುಡುಗಿ ನಕ್ಕಳು, ಬಹಳ ಸೌಮ್ಯವಾಗಿ. ನನ್ನ ಫೈಲು ಅಡಿಗೆ ಹೋಯಿತು. ನಮ್ಮಲ್ಲಿ ಜೋರು ಮಾಡಿದರೆ ಕೆಲಸ ಆಗುವುದುಂಟು, ಇಲ್ಲಿ ಜೋರು ಮಾಡಿದವನ ಮರ್ಯಾದೆ ಹೋಗುತ್ತದೆ, ಎದುರಿನವರದ್ದಲ್ಲ. ಜೈ ಯೆನ್ ಯೆನ್ ಅನ್ನುತ್ತಾರೆ, ಮನಸ್ಸು ತಣ್ಣಗಿರಲಿ ಅಂತ. ಅದನ್ನು ಕಲಿಯಲು ನನಗೆ ಒಂದು ವರ್ಷ ಬೇಕಾಯಿತು. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಮಾಲೀಕರು ಟಿಎಂ 30 ಮಾಡಿಕೊಡುತ್ತಾರಾ ಅಂತ ನೀವು ನಗುತ್ತಲೇ ಕೇಳಿ, ಮಾಡಿದ ರಸೀದಿಯನ್ನೂ ನಗುತ್ತಲೇ ಕೇಳಿ.

ಈ ನಿಯಮಗಳು ಬದಲಾಗುತ್ತಲೇ ಇರುತ್ತವೆ. 2024ರ ಜುಲೈನಲ್ಲಿ ಭಾರತೀಯರಿಗೆ ವೀಸಾ ಇಲ್ಲದೆ 60 ದಿನ ಅಂತ ಮಾಡಿದರು, 2025ರ ಮೇಯಿಂದ ಬರುವ ಮೊದಲೇ ಆನ್‌ಲೈನ್ ಕಾರ್ಡ್ ತುಂಬಬೇಕು ಅಂತ ಬಂತು. ಅದಕ್ಕೇ ಹೊರಡುವ ತಿಂಗಳಲ್ಲಿ ರಾಯಭಾರ ಕಚೇರಿಯ ಪುಟ ನೋಡುವುದು ಒಳ್ಳೆಯದು, ನನ್ನ ಮಾತನ್ನಾಗಲಿ ಯೂಟ್ಯೂಬಿನವರ ಮಾತನ್ನಾಗಲಿ ನಂಬಿ ಟಿಕೆಟ್ ಮಾಡಬೇಡಿ. ನಿವೃತ್ತರ ಅನುಮತಿಯಲ್ಲಿ ಕೆಲಸ ಮಾಡುವಂತಿಲ್ಲ, ಇದು ಬದಲಾಗಿಲ್ಲ. ಸಂಬಳವಿಲ್ಲದ ಕೆಲಸವೂ ಕೆಲಸವೇ. ಮಕ್ಕಳಿಗೆ ಸುಮ್ನೆ ಗಣಿತ ಹೇಳಿಕೊಡುತ್ತೇನೆ ಅಂದುಕೊಂಡು ಹೊರಟ ಒಬ್ಬ ನಿವೃತ್ತ ಮೇಷ್ಟ್ರನ್ನು ನಾನೇ ತಡೆದಿದ್ದೇನೆ.

ಹಣದ ಲೆಕ್ಕ. ನಾವು ಇಬ್ಬರು, ಮನೆಯಲ್ಲೇ ಅಡುಗೆ, ಕುಡಿತ ಇಲ್ಲ. ಸಮುದ್ರದಿಂದ ಎರಡು ಕಿಲೋಮೀಟರ್ ಒಳಗೆ ಒಂದು ಮಲಗುವ ಕೋಣೆಯ ಮನೆ, ಬಾಡಿಗೆ 12,000 ಬಾತ್. ಕರೆಂಟು, ತರಕಾರಿ, ಓಡಾಟ, ಫೋನು, ಔಷಧಿ ಸೇರಿ ತಿಂಗಳಿಗೆ ಒಟ್ಟು 36ರಿಂದ 40 ಸಾವಿರ ಬಾತ್ ಆಗುತ್ತದೆ. ಆರೋಗ್ಯ ವಿಮೆ ಬೇರೆ. ಅಂದರೆ ನಿಮ್ಮ ಪಿಂಚಣಿ ಅರ್ಧ ಖರ್ಚಿಗೆ ಸರಿ, ಉಳಿದರ್ಧಕ್ಕೆ ಪ್ರತಿ ತಿಂಗಳೂ ಎಫ್‌ಡಿಗೆ ಕೈ ಹಾಕಬೇಕು. ಥಾಯ್ಲೆಂಡ್ ಅಗ್ಗ ಅನ್ನುವ ಮಾತು ಯೂರೋಪಿನವರದ್ದು. ದಾವಣಗೆರೆಯ ಪಿಂಚಣಿಗೆ ಅದು ಅಗ್ಗವಲ್ಲ.

ಊರು ನೋಡಿ ಬಾಡಿಗೆ ಹಿಡಿಯುವಾಗ ಇದಿಷ್ಟು ಗೊತ್ತಿರಲಿ. ಇಲ್ಲಿ ಗಲ್ಲಿಗೆ ಸೋಯ್ ಅನ್ನುತ್ತಾರೆ. ಬೆಸಸಂಖ್ಯೆಯ ಸೋಯ್‌ಗಳು ಸಮುದ್ರದ ಕಡೆ, 88, 94, 102, 112 ಹೀಗೆ ಸಮಸಂಖ್ಯೆಯವು ಒಳಗಡೆ. ಬಾಡಿಗೆ ಕಡಿಮೆ ಇರುವುದು ಒಳಗಡೆ, ಊರ ಜನ ಇರುವುದೂ ಅಲ್ಲೇ. ಎರಡು ತಿಂಗಳ ಬಾಡಿಗೆ ಅಡ್ವಾನ್ಸ್, ಜೊತೆಗೆ ಮೊದಲ ತಿಂಗಳದ್ದು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇದು ಏನೂ ಅಲ್ಲ. ಕರೆಂಟಿನ ದರ ಮಾತ್ರ ಕೇಳಿಕೊಳ್ಳಿ. ಸರ್ಕಾರಿ ಬಿಲ್ ನಿಮ್ಮ ಕೈಗೇ ಬರುವುದಾದರೆ ಯೂನಿಟ್‌ಗೆ ನಾಲ್ಕೈದು ಬಾತ್, ಮಾಲೀಕರು ತಾವೇ ಮೀಟರ್ ನೋಡಿ ವಸೂಲಿ ಮಾಡಿದರೆ ಏಳೆಂಟು. ಏಪ್ರಿಲ್‌ನ ಸೆಖೆಯಲ್ಲಿ ಹಗಲೂ ರಾತ್ರಿ ಎಸಿ ಓಡಿದಾಗ ಈ ವ್ಯತ್ಯಾಸದ ಬೆಲೆ ಗೊತ್ತಾಗುತ್ತದೆ. ನಲ್ಲಿ ನೀರು ಕುಡಿಯುವುದಿಲ್ಲ. ಬೀದಿ ಮೂಲೆಯಲ್ಲಿ ನಾಣ್ಯ ಹಾಕುವ ನೀರಿನ ಯಂತ್ರ ಇರುತ್ತದೆ, ಬಾತ್‌ಗೆ ಒಂದು ಲೀಟರ್ ಲೆಕ್ಕ. ಕ್ಯಾನ್ ಹೊತ್ತು ತರುವುದು ನನ್ನ ದಿನಚರಿಯ ಭಾಗ, ನೀವು ಕನಸು ಕಂಡ ದಿನಚರಿಯಲ್ಲಿ ಅದು ಇರಲಿಲ್ಲ ಅಲ್ವಾ?

ಕೊಳ್ಳುವ ಯೋಚನೆ ಇದ್ದರೆ ಎರಡು ವರ್ಷ ಬಿಟ್ಟುಬಿಡಿ. ವಿದೇಶಿಯರು ಜಮೀನು ಕೊಳ್ಳುವಂತಿಲ್ಲ. ಕಾಂಡೊ, ಅಂದರೆ ಅಪಾರ್ಟ್‌ಮೆಂಟಿನ ಮನೆ, ಕೊಳ್ಳಬಹುದು, ಆದರೆ ಒಂದು ಕಟ್ಟಡದ ವಿಸ್ತೀರ್ಣದಲ್ಲಿ ವಿದೇಶಿಯರ ಪಾಲು 49 ಶೇಕಡ ದಾಟುವಂತಿಲ್ಲ. ಥಾಯ್ ಹೆಸರಿನ ಕಂಪನಿ ಮಾಡಿ ಅದರ ಹೆಸರಲ್ಲಿ ಜಮೀನು ತೆಗೆಸಿಕೊಡುತ್ತೇವೆ ಅಂತ ಬರುವವರಿಗೆ ದೂರದಿಂದಲೇ ಕೈ ಮುಗಿಯಿರಿ. ತೆರಿಗೆಯದ್ದೂ ಒಂದು ಮಾತು. ವರ್ಷದಲ್ಲಿ 180 ದಿನ ಇಲ್ಲಿದ್ದರೆ ನೀವು ಇಲ್ಲಿನ ತೆರಿಗೆ ಲೆಕ್ಕಕ್ಕೆ ಬರುತ್ತೀರಿ, 2024ರಿಂದ ಹೊರಗಿನ ಆದಾಯವನ್ನು ಇಲ್ಲಿಗೆ ತಂದರೆ ಅದನ್ನೂ ಕೇಳುತ್ತಾರೆ. ಭಾರತದ ಜೊತೆ ಎರಡು ಸಲ ತೆರಿಗೆ ಬೀಳದಂತೆ ಒಪ್ಪಂದ ಇದೆ. ಊರಿನ ಆಡಿಟರ್ ಜೊತೆ ಕೂತು ಮಾತಾಡಿ, ಉಳಿತಾಯ ಖಾತೆಯನ್ನು ಎನ್‌ಆರ್‌ಓ, ಅಂದರೆ ಅನಿವಾಸಿಗಳ ಖಾತೆ, ಮಾಡುವುದನ್ನೂ ಆಗಲೇ ಕೇಳಿ. ಅದಕ್ಕಿಂತ ಚಿಕ್ಕದಾದರೂ ಜಾಸ್ತಿ ಕಾಡುವ ವಿಷಯ ನಿಮ್ಮ ಊರಿನ ಸಿಮ್ಮು. ರೀಚಾರ್ಜ್ ಮರೆತು ಅದು ಸತ್ತರೆ ಒಟಿಪಿ ಬರುವುದಿಲ್ಲ, ಒಟಿಪಿ ಇಲ್ಲದಿದ್ದರೆ ನಿಮ್ಮ ಹಣ ನಿಮ್ಮದಲ್ಲ.

ಊಟ. ನೀವು ಎಂಟು ದಿನ ತಿಂದ ಹಸಿರು ಪಪ್ಪಾಯಿ ಸಲಾಡಿನಲ್ಲಿ ಮೀನಿನ ಸಾಸ್ ಇತ್ತು ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ನಾಮ್ ಪ್ಲಾ ಅಂದರೆ ಮೀನಿನ ರಸ, ಇಲ್ಲಿ ಅದೇ ಉಪ್ಪು. ಕರಿಗಳ ಮಸಾಲೆಯಲ್ಲಿ ಸೀಗಡಿ ಅರೆದಿರುತ್ತದೆ. ಮಾಂಸ ಬೇಡ ಅಂದರೆ ತುಂಡು ತೆಗೆದು ಕೊಡುತ್ತಾರೆ, ಸಾಸ್ ಅವರ ಲೆಕ್ಕದಲ್ಲಿ ಮಾಂಸವೇ ಅಲ್ಲ. ನೀವು ಕಲಿಯಬೇಕಾದ ಒಂದೇ ಪದ ಜೇ. ಕಿನ್ ಜೇ ಅಂದರೆ ಮಾಂಸ, ಮೀನು, ಮೊಟ್ಟೆ, ಹಾಲು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲದ ಊಟ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಕಂಡರೆ ಒಳಗೆ ಹೋಗಿ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹೊತ್ತಿಗೆ ಒಂಬತ್ತು ದಿನ ಜೇ ಹಬ್ಬ ಬರುತ್ತದೆ, ಆಗ ಬೀದಿ ತುಂಬ ನಮ್ಮದೇ ಊಟ. ಸಸ್ಯಾಹಾರಕ್ಕೆ ಅವರ ಇನ್ನೊಂದು ಪದ ಮಂಗ್ಸವಿರತ್. ಬಿಡಿಸಿ ನೋಡಿ, ಮಾಂಸ ವಿರತಿ!

ಇಂಥವು ಬೇಕಾದಷ್ಟಿವೆ. ಆಹಾರಕ್ಕೆ ಆಹಾನ್, ಭಾಷೆಗೆ ಫಾಸಾ, ವೇಳೆಗೆ ವೇಲಾ, ಮೇಷ್ಟ್ರಿಗೆ ಆಚಾನ್. ನೀವು ಹೇಳಲೂ ಬಾಯಿ ತೊಡರುವ ಈ ಪ್ರಾಂತ್ಯದ ಹೆಸರಲ್ಲಿರುವ ಖಿರಿ ನಮ್ಮ ಗಿರಿಯೇ. ಫೋನಿಗೆ ಥೋರಸಾಪ್, ಅಂದರೆ ದೂರಶಬ್ದ. ಭಾನುವಾರಕ್ಕೆ ಆಥಿತ್, ನಮ್ಮ ಹಿರಿಯರ ಆದಿತ್ಯವಾರ. ಪದ ಗೊತ್ತಿದ್ದರೂ ದನಿ ತಪ್ಪಿದರೆ ಅರ್ಥವೇ ಬೇರೆ, ಐದು ದನಿಗಳಿವೆ, ಅದು ಕಷ್ಟ. ಆದರೂ ಬೋರ್ಡು ಓದಲು ಕಲಿಯಿರಿ, ಕ, ಖ, ಗ ಕಲಿತ ನಮಗೆ ಅದು ಯೂರೋಪಿನವರಿಗಿಂತ ಬೇಗ ಬರುತ್ತದೆ. ಕಚೇರಿಯ ಕಾಗದದಲ್ಲಿ 2568 ಅಂತ ಇಸವಿ ಕಂಡರೆ ಗಾಬರಿಯಾಗಬೇಡಿ. ಬೌದ್ಧ ಶಕೆ, 543 ಕಳೆದರೆ ನಮ್ಮ 2025.

ಅಡುಗೆಗೆ ಚತ್‌ಚಾಯ್ ಮಾರುಕಟ್ಟೆ ಸಾಕು. ಹೀರೆ, ಹಾಗಲ, ಬೂದುಗುಂಬಳ, ಅಲಸಂದೆ, ಬಾಳೆ ಹೂವು, ದುಂಡು ಬದನೆ ಎಲ್ಲ ಸಿಗುತ್ತವೆ. ತೆಂಗಿನಕಾಯಿ ಕಣ್ಣೆದುರೇ ಯಂತ್ರದಲ್ಲಿ ತುರಿದು ಕೊಡುತ್ತಾರೆ, ನಮ್ಮವಳು ಈ ಊರನ್ನು ಒಪ್ಪಿಕೊಂಡಿದ್ದು ಆ ಯಂತ್ರ ನೋಡಿದ ದಿನ. ತೊಂಡೆಯ ಚಿಗುರು ಕಟ್ಟು ಕಟ್ಟಿ ಮಾರುತ್ತಾರೆ, ಕಾಯಿ ಮಾತ್ರ ಹುಡುಕಿದರೂ ಕಾಣುವುದಿಲ್ಲ. ಹೆಸರುಬೇಳೆ ಎಲ್ಲ ಕಡೆ ಇದೆ. ತೊಗರಿಬೇಳೆ, ಇಂಗು, ಸಾಸಿವೆಗೆ ಇಂಡಿಯನ್ ಅಂಗಡಿ, ಇಲ್ಲವೇ ಬ್ಯಾಂಕಾಕ್‌ನಲ್ಲಿ ನಮ್ಮವರ ಪೇಟೆಯಾದ ಪಹುರತ್. ಕರಿಬೇವನ್ನು ಕುಂಡದಲ್ಲಿ ಬೆಳೆಸಿಕೊಂಡಿದ್ದೇವೆ. ಅನಾನಸ್ ಈ ಪ್ರಾಂತ್ಯದ್ದೇ ಬೆಳೆ, ಅದರ ಗೊಜ್ಜು ಇಲ್ಲಿ ಆಗುವಷ್ಟು ಚೆನ್ನಾಗಿ ಊರಲ್ಲಿ ಆಗುವುದಿಲ್ಲ, ಇದನ್ನು ಅಮ್ಮನಿಗೆ ಮಾತ್ರ ನಾನು ಹೇಳಿಲ್ಲ.

ಈಗ ಯಾರೂ ಹೇಳದ ಒಂದು ವಿಷಯ. ಬಿಳಿಯರನ್ನು ಇಲ್ಲಿ ಫರಾಂಗ್ ಅನ್ನುತ್ತಾರೆ, ನಮ್ಮನ್ನು ಖೇಕ್. ಖೇಕ್ ಅಂದರೆ ಅತಿಥಿ. ಭಾರತೀಯರು, ಮಲಯಾದವರು, ಅರಬ್ಬರು ಎಲ್ಲರಿಗೂ ಅದೇ ಪದ. ಕೆಲವರು ಅದನ್ನು ಸ್ವಲ್ಪ ಕೀಳಾಗಿ ಅನ್ನುವುದೂ ಉಂಟು. ಬಾಡಿಗೆ ಮನೆ ಕೇಳುವಾಗ ಫೋನಿನಲ್ಲಿ ಖಾಲಿ ಇದ್ದ ಮನೆ ಮುಖ ನೋಡಿದ ಮೇಲೆ ಭರ್ತಿಯಾಗಿದ್ದು ನನಗೆ ಎರಡು ಸಲ ಆಗಿದೆ. ಹಾಗಂತ ಪಕ್ಕದ ಮನೆಯ ಅಜ್ಜಿ ನನ್ನನ್ನು ಖೇಕ್ ಅಂದೇ ಕರೆದು ಮಾವಿನಹಣ್ಣು ಕೊಟ್ಟು ಹೋಗುತ್ತಾರೆ. ಪದ ಒಂದೇ, ದನಿ ಬೇರೆ. ನಾನು ಅವರನ್ನು ಹೆಸರು ಹಿಡಿದು ಕರೆಯುವುದಿಲ್ಲ. ಇಲ್ಲಿ ದೊಡ್ಡವರಿಗೆ ಪೀ, ಚಿಕ್ಕವರಿಗೆ ನೋಂಗ್, ನಮ್ಮ ಅಕ್ಕ, ಅಣ್ಣ, ತಮ್ಮನ ಹಾಗೆ, ಅಂಗಡಿಯವರಿಗೂ ನಡೆಯುತ್ತದೆ. ಆ ಅತಿಥಿ ಅನ್ನುವುದು ಕಾನೂನಿನಲ್ಲೂ ನಿಜ. ಏಳು ವರ್ಷ ಇದ್ದರೂ ನನ್ನದು ಒಂದು ವರ್ಷದ ಅನುಮತಿ, ಎಂಟನೆಯದ್ದಕ್ಕೆ ಮತ್ತೆ ಸಾಲು. ಅದು ಕಿರಿಕಿರಿ ಅನ್ನಿಸದವರು ಇಲ್ಲಿ ಆರಾಮಾಗಿದ್ದಾರೆ. ಹಕ್ಕಿನ ಮಾತು ಆಡುವವರು ಎರಡನೇ ವರ್ಷಕ್ಕೇ ಪೆಟ್ಟಿಗೆ ಕಟ್ಟುತ್ತಾರೆ. ಇನ್ನು ಅರಸು ಮನೆತನದ ಬಗ್ಗೆ ತಮಾಷೆಗೂ ಮಾತು ಬೇಡ, ವಾಟ್ಸಾಪಿನಲ್ಲೂ ಬೇಡ. ಒಂದೊಂದು ಆರೋಪಕ್ಕೂ 3ರಿಂದ 15 ವರ್ಷ ಜೈಲಿನ ಕಾನೂನು ಇದೆ.

ಸ್ಕೂಟರ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಎಡಗಡೆ ಓಡಿಸುವುದು, ನಮ್ಮ ಹಾಗೇ, ಅದರಿಂದಲೇ ನಮಗೆ ಅತಿ ಧೈರ್ಯ. ಇಲ್ಲಿನ ರಸ್ತೆಯಲ್ಲಿ ಸಾಯುವವರಲ್ಲಿ ದ್ವಿಚಕ್ರದವರೇ ಜಾಸ್ತಿ. ದ್ವಿಚಕ್ರದ ಲೈಸೆನ್ಸ್ ಇಲ್ಲದೆ ಬಿದ್ದರೆ ವಿಮೆಯವರು ಕೈ ಎತ್ತುತ್ತಾರೆ. ಥಾಯ್ ಲೈಸೆನ್ಸ್ ಮಾಡಿಸಿಕೊಳ್ಳಿ, ಅಲ್ಲಿಯವರೆಗೆ ಹಸಿರು ಸಾಂಗ್‌ಥಾವ್ ಹತ್ತಿ, ಹಿಂದೆ ಎರಡು ಬೆಂಚಿನ ಟೆಂಪೋ, ಪೆಚ್ಚಕಾಸೆಮ್ ಉದ್ದಕ್ಕೂ ಕೈ ತೋರಿಸಿದಲ್ಲಿ ನಿಲ್ಲುತ್ತದೆ. ಖಾಸಗಿ ಆಸ್ಪತ್ರೆ ಬಹಳ ಚೆನ್ನಾಗಿದೆ, ಬಿಲ್ಲೂ ಹಾಗೇ ಇರುತ್ತದೆ. ಶುಗರ್, ಬಿಪಿ ಮಾತ್ರೆ ಊರಿಂದ ಚೀಟಿ ಸಮೇತ ತನ್ನಿ. ವಿಮೆ ಈಗಲೇ ಮಾಡಿಸಿ, 70ರ ನಂತರ ಹೊಸದಾಗಿ ಸಿಗುವುದು ಕಷ್ಟ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಪ್ರಶ್ನೆ ನನ್ನದು. ಬೆಳಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ನಿಮ್ಮ ಮನೆಯವರು ಯಾರ ಜೊತೆ ಮಾತಾಡುತ್ತಾರೆ? ಹೊರಗೆ ಬಿಸಿಲು, ಟಿವಿ ಥಾಯ್, ಪಕ್ಕದ ಮನೆಯವರು ಡಿಸೆಂಬರಿನಲ್ಲಷ್ಟೇ ಇರುವ ಸ್ವೀಡನ್‌ನವರು. ಗಂಡಸರು ಹೇಗೋ ಕಾಫಿ ಅಂಗಡಿಯಲ್ಲಿ ಒಬ್ಬರನ್ನು ಹಿಡಿದುಕೊಳ್ಳುತ್ತೇವೆ. ಇಲ್ಲಿಂದ ವಾಪಸ್ ಹೋದ ನಮ್ಮ ಕಡೆಯವರಲ್ಲಿ ಹಣ ಸಾಲದೆ ಹೋದವರು ಕಡಿಮೆ, ಹೆಂಡತಿಗೆ ಬೇಜಾರಾಗಿ ಹೋದವರೇ ಜಾಸ್ತಿ. ನಮ್ಮವಳು ಬೆಳಗಿನ ಮಾರುಕಟ್ಟೆಯಲ್ಲಿ ಸೊಪ್ಪಿನವರ ಜೊತೆ ಅರ್ಧಂಬರ್ಧ ಥಾಯ್‌ನಲ್ಲಿ ಚೌಕಾಸಿ ಶುರು ಮಾಡಿದ ಮೇಲೆ ಮನೆ ಮನೆಯಾಯಿತು.

ಆದ್ದರಿಂದ ಮನೆ ಖಾಲಿ ಮಾಡಿ, ಸಾಮಾನು ಮಾರಿ ಬರಬೇಡಿ. ಅಕ್ಟೋಬರ್‌ನಲ್ಲಿ ಒಂದು ತಿಂಗಳು ಬನ್ನಿ. ಇಲ್ಲಿ ಮಳೆ ಜೋರಾಗಿರುವ ತಿಂಗಳು ಅದು, ಸಮುದ್ರ ಮಂಕಾಗಿರುತ್ತದೆ, ಬಾಡಿಗೆಯೂ ಇಳಿದಿರುತ್ತದೆ. ಹೋಟೆಲ್ ಬೇಡ, ಒಳಗಿನ ಸೋಯ್‌ನಲ್ಲಿ ಅಡುಗೆಮನೆ ಇರುವ ಕೋಣೆ ಹಿಡಿಯಿರಿ. ನೀರಿನ ಕ್ಯಾನ್ ನೀವು ಹೊರಿ, ಮಾರುಕಟ್ಟೆಗೆ ಅವರೂ ಬರಲಿ. ಆಮೇಲೆ ಎಫ್‌ಡಿ ಮುರಿಯುವ ಮಾತು.

ಇನ್ನು ಮೊಸರು. ಸೆವೆನ್ ಇಲೆವೆನ್‌ನಲ್ಲಿ ಕಾಣುವ ಡಬ್ಬಿಗಳಲ್ಲಿ ಹೆಚ್ಚಿನವು ಸಿಹಿ, ಅನ್ನಕ್ಕೆ ಕಲಸಿದರೆ ಅಳು ಬರುತ್ತದೆ. ಸಕ್ಕರೆ ಇಲ್ಲದ್ದು ದೊಡ್ಡ ಸೂಪರ್ ಮಾರ್ಕೆಟ್‌ನಲ್ಲಿ ಸಿಗುತ್ತದೆ, ಡಬ್ಬಿಯ ಹಿಂದೆ ನೋಡಿ ತೆಗೆದುಕೊಳ್ಳಿ. ಅದನ್ನೇ ಒಂದು ಚಮಚ ಹೆಪ್ಪು ಹಾಕಿ ಪಾಶ್ಚರೀಕರಿಸಿದ ಹಾಲಿನಲ್ಲಿ ಮನೆಯಲ್ಲೇ ಮಾಡಿ. ಹೆಪ್ಪೇ ಸಿಗದ ದಿನ ಹಸಿಮೆಣಸಿನ ತೊಟ್ಟು ನಾಲ್ಕು ಉಗುರುಬೆಚ್ಚಗಿನ ಹಾಲಿಗೆ ಹಾಕಿಡಲು ನಿಮ್ಮ ಮನೆಯವರಿಗೆ ಹೇಳಿ, ಅವರಿಗೆ ಗೊತ್ತಿರುತ್ತದೆ. ಇಲ್ಲಿನ ಸೆಖೆಗೆ ಐದಾರು ಗಂಟೆಯಲ್ಲೇ ಹೆಪ್ಪುಗಟ್ಟುತ್ತದೆ, ರಾತ್ರಿಯಿಡೀ ಹೊರಗೆ ಬಿಟ್ಟರೆ ಬೆಳಗ್ಗೆ ಹುಳಿ.